ಖಾರ ಬಿಟ್ಟವರ ತಾಟಿಗೆ ಫ್ರಾನ್ಸಿನ ಬದನೆಕಾಯಿ

ವಿಜಯಪುರದ ಕಡೆಯ ಊಟದಿಂದ ಖಾರ ತೆಗೆದರೆ ಏನು ಉಳೀತೈತಿ ಹೇಳ್ರಿ? ಎಣ್ಣೆಗಾಯಿಗೆ ಮಸಾಲಿ ಖಾರ ಬೇಕು, ಜುಣಕಕ್ಕೆ ಹಸಿಮೆಣಸಿನಕಾಯಿ ಬೇಕು, ಪುಂಡಿಪಲ್ಯಕ್ಕೆ ಒಗ್ಗರಣೆಯಲ್ಲಿ ಒಣ ಮೆಣಸಿನಕಾಯಿ ಬೇಕು. ಇಷ್ಟೆಲ್ಲ ಆದ ಮೇಲೂ ರೊಟ್ಟಿಯ ಮಗ್ಗುಲಿಗೆ ರಂಜಕ ಇಲ್ಲದಿದ್ದರೆ ಊಟ ಆದಂಗ ಅನಿಸೋದಿಲ್ಲ. ಇಂಥ ಊರಿನಲ್ಲಿ ಡಾಕ್ಟರು ಒಬ್ಬರಿಗೆ "ಖಾರ ಬಿಡ್ರಿ" ಅಂದರೆ ಆ ಮನುಷ್ಯ ಊಟದ ಪಂಕ್ತಿಯಿಂದಲೇ ಎದ್ದು ಹೋದಂಗ. ಉಳಿದವರು ಒಂದು ಕಡೆ ಉಣ್ಣುತ್ತಾರೆ, ಅವರಿಗೆ ಬೇರೆ ಬೋಗುಣಿಯಲ್ಲಿ ಸಪ್ಪನ ಬ್ಯಾಳಿ, ಮೊಸರನ್ನ, ಗಂಜಿ. ಹೊಟ್ಟೆ ಹುಣ್ಣಿನವರು, ಹಲ್ಲು ತೆಗೆಸಿಕೊಂಡವರು, ಆಪರೇಷನ್ ಆದವರು ಅಂತ ಪ್ರತಿ ಓಣಿಯಲ್ಲೂ ಇಂಥವರು ಒಬ್ಬಿಬ್ಬರು ಇರುತ್ತಾರೆ. ಈ ಬರಹ ಅವರಿಗೆ ಅಡುಗೆ ಮಾಡೋ ಕೈಗಳಿಗೆ.

ಹೇಳಲಿಕ್ಕೆ ಹೊರಟಿರುವ ಪಲ್ಯ ಫ್ರಾನ್ಸಿನದು. ಹೆಸರು ರಟಾಟೂಯ್. ಹೆಸರು ಕೇಳಿ ಹೆದರಬೇಡಿ. ಫ್ರಾನ್ಸಿನ ದಕ್ಷಿಣಕ್ಕೆ ಸಮುದ್ರದ ದಂಡೆಯಲ್ಲಿ ಪ್ರೊವಾನ್ಸ್ ಅನ್ನೋ ಸೀಮೆ ಇದೆ, ಅಲ್ಲಿ ನೀಸ್ ಅನ್ನೋ ಊರು. ಅಲ್ಲಿನ ರೈತರ ಮನೆಯ ಬೇಸಿಗೆ ಪಲ್ಯ ಇದು. ಬದನೆಕಾಯಿ, ಟಮಾಟಿ, ಡೊಣ್ಣ ಮೆಣಸಿನಕಾಯಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಅವರ ಕಡೆಯ ಒಂದು ಜಾತಿ ಎಳೆ ಕುಂಬಳ, ಮೇಲೆ ಆಲಿವ್ ಎಣ್ಣೆ. ಮುಗೀತು. ಫ್ರೆಂಚಿನಲ್ಲಿ ಕೈಯಾಡಿಸೋದಕ್ಕೆ 'ತೂಯೆ' ಅನ್ನುತ್ತಾರೆ, ಆ ಮಾತೇ ಈ ಹೆಸರಿನ ಬಾಲದಲ್ಲಿದೆ. ಅಂದರೆ ನಮ್ಮ ಮಾತಿನಲ್ಲಿ 'ಕಲಸುಪಲ್ಯ' ಅಂದುಕೊಂಡರೂ ತಪ್ಪಾಗೋದಿಲ್ಲ.

ಮಕ್ಕಳಿರುವ ಮನೆಯವರಿಗೆ ಈ ಹೆಸರು ಗೊತ್ತಿರಬಹುದು. 2007ರಲ್ಲಿ ಇದೇ ಹೆಸರಿನ ಕಾರ್ಟೂನ್ ಸಿನಿಮಾ ಬಂತು. ಪ್ಯಾರಿಸಿನ ಹೋಟೆಲಿನಲ್ಲಿ ಒಂದು ಇಲಿ ಅಡುಗೆ ಮಾಡುತ್ತದೆ. ಯಾವ ಊಟವನ್ನೂ ಮೆಚ್ಚದ ಒಬ್ಬ ಬಿಗುಮಾನದ ವಿಮರ್ಶಕ ಈ ಪಲ್ಯದ ಒಂದು ತುತ್ತು ಬಾಯಿಗಿಟ್ಟ ಕೂಡಲೇ ತನ್ನ ಅವ್ವನ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಸಿನಿಮಾದಲ್ಲಿ ತೋರಿಸಿದ್ದು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಸುತ್ತಲೂ ಜೋಡಿಸಿದ ಚೆಂದದ ತಾಟು. ಅದು ಮನೆಯ ಪದ್ಧತಿಯಲ್ಲ. ಮಿಶೆಲ್ ಗೆರಾರ್ ಅನ್ನೋ ಫ್ರೆಂಚ್ ಬಾಣಸಿಗ ಮಾಡಿದ 'ಕಾನ್ಫಿ ಬ್ಯಾಲ್ಡಿ'ಯನ್ನು ಅಮೆರಿಕದ ಥಾಮಸ್ ಕೆಲ್ಲರ್ ಸಿನಿಮಾಕ್ಕೆ ಅಂತ ತಿದ್ದಿ ಕೊಟ್ಟದ್ದು. ಆ 'ಬ್ಯಾಲ್ಡಿ' ಅನ್ನೋ ಮಾತಿನ ಬೇರು ಹುಡುಕಿದರೆ ತುರ್ಕಿಯ 'ಇಮಾಮ್ ಬಾಯಲ್ದಿ' ಸಿಗುತ್ತದೆ. ಬದನೆಕಾಯಿ ಸೀಳಿ, ಹೊಟ್ಟೆಯೊಳಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಟಮಾಟಿ ತುಂಬಿ ಎಣ್ಣೆಯಲ್ಲಿ ಬೇಯಿಸಿದ್ದು. 'ಇಮಾಮರು ಮೂರ್ಛೆ ಹೋದರು' ಅಂತ ಆ ಹೆಸರಿನ ಅರ್ಥ. ರುಚಿಗೆ ಮೂರ್ಛೆ ಹೋದರೋ, ಸುರಿದ ಎಣ್ಣೆಯ ಲೆಕ್ಕ ಕೇಳಿ ಮೂರ್ಛೆ ಹೋದರೋ ಅನ್ನೋದು ಅಲ್ಲಿನವರ ಚಾಷ್ಟಿ. ನಮ್ಮ ಎಣ್ಣೆಗಾಯಿಗೆ ಅದು ಹತ್ತಿರದ ನೆಂಟಸ್ತಿಕೆಯೇ ಅಲ್ಲವೇ?

ನೆಂಟಸ್ತಿಕೆ ಅಷ್ಟಕ್ಕೇ ನಿಲ್ಲೋದಿಲ್ಲ. ಬದನೆಕಾಯಿಯ ತವರು ನಮ್ಮ ಕಡೆಯೇ. ಇಲ್ಲಿಂದ ಪರ್ಷಿಯಾಕ್ಕೆ ಹೋಗಿ 'ಬಾದಿಂಗಾನ್' ಆಯಿತು, ಅರಬರ ಬಾಯಲ್ಲಿ 'ಅಲ್ ಬಾದಿಂಜಾನ್' ಆಯಿತು, ಸ್ಪೇನಿನ ದಾರಿ ಹಿಡಿದು ಫ್ರಾನ್ಸಿಗೆ ಹೋಗುವಷ್ಟರಲ್ಲಿ 'ಓಬರ್ಜೀನ್' ಆಗಿ ಕುಳಿತಿತು. ನಮ್ಮ ವಿಜಯಪುರದ ದಖನಿ ಮಾತಾಡೋ ಮನೆಗಳಲ್ಲಿ ಇವತ್ತಿಗೂ 'ಬೈಂಗನ್' ಅನ್ನುತ್ತಾರಲ್ಲ, ಅದೂ ಇದೂ ಒಂದೇ ಬಳಗದ ಮಾತು. ಟಮಾಟಿ, ಡೊಣ್ಣ ಮೆಣಸಿನಕಾಯಿ ಮಾತ್ರ ಅವರಿಗೂ ನಮಗೂ ಅಮೆರಿಕ ಖಂಡದಿಂದ ಬಂದ ಸಾಮಾನು. ಇನ್ನೊಂದು ಮಾತು. ಫ್ರೆಂಚರು ಭಾರತದಲ್ಲಿ ಕಾಲೂರಿದ ಪಾಂಡಿಚೇರಿಯ ಜಾಗವನ್ನು 1670ರ ದಶಕದಲ್ಲಿ ಅವರಿಗೆ ಕೊಟ್ಟವನು ಶೇರ್ ಖಾನ್ ಲೋದಿ. ಅವನು ಆ ಸೀಮೆಯಲ್ಲಿ ಬಿಜಾಪುರದ ಆದಿಲ್‌ಶಾಹಿ ದೊರೆಗಳ ಅಧಿಕಾರಿ. ತಿಕೋಟಾದ ದ್ರಾಕ್ಷಿ ಬೆಳೆಗಾರರಿಗಂತೂ ಫ್ರಾನ್ಸಿನ ಪರಿಚಯ ದಿನನಿತ್ಯದ್ದು. ಡೌನಿ ರೋಗಕ್ಕೆ ಹೊಡೆಯುವ 'ಬೋರ್ಡೋ' ಅಂತ ಅಂಗಡಿಯಲ್ಲಿ ಕೇಳುತ್ತೇವಲ್ಲ, ಅದು ಫ್ರಾನ್ಸಿನ ಊರಿನ ಹೆಸರು. 1880ರ ದಶಕದಲ್ಲಿ ಅಲ್ಲಿನ ರೈತರು ದಾರಿಹೋಕರು ಹಣ್ಣು ಕದಿಯಬಾರದು ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಹತ್ತಿರಲಿಲ್ಲ. ಮಿಲ್ಲಾರ್ದೆ ಅನ್ನೋ ಪ್ರಾಧ್ಯಾಪಕರು ಅದನ್ನು ಗಮನಿಸಿದ್ದರಿಂದ ನಮ್ಮ ತೋಟಗಳವರೆಗೂ ಆ ನೀಲಿ ನೀರು ಬಂತು.

ಇರಲಿ, ಅಡುಗೆಮನೆಗೆ ಬರೋಣ. ನನ್ನ ಗಂಡನ ಮನೆ ತಿಕೋಟಾ, ತವರು ಬಬಲೇಶ್ವರ, ನಾವಿರೋದು ವಿಜಯಪುರದಲ್ಲಿ. ಎಪ್ಪತ್ತು ದಾಟಿದ ನಮ್ಮ ಮಾವನವರಿಗೆ ಹೊಟ್ಟೆ ಹುಣ್ಣು ಅಂತ ಗೊತ್ತಾಗಿ, ಅದೇ ಸುಮಾರಿಗೆ ಮೇಲಿನ ಹಲ್ಲನ್ನೂ ತೆಗೆಸಬೇಕಾಯಿತು. ಔಷಧಿ ಸುರುವಾಯಿತು, ಖಾರ ಬಂದ್ ಆಯಿತು. ತೋಟದಲ್ಲಿ ದಿನವಿಡೀ ನಿಂತು ಮಣೂಕದ ರ‍್ಯಾಕ್ ನೋಡಿಕೊಳ್ಳುತ್ತಿದ್ದ ಮನುಷ್ಯ ಮೂರು ವಾರದಲ್ಲಿ ಇಳಿದುಹೋದರು. ಹಸಿವಿರಲಿಲ್ಲ ಅಂತಲ್ಲ. "ಎಲ್ಲಾರೂ ಉಂಡ್ ಮ್ಯಾಲೆ ನನಗ ನೀಡ್ರಿ" ಅನ್ನಲಿಕ್ಕೆ ಹತ್ತಿದರು. ಮನೆಮಂದಿ ಎಣ್ಣೆಗಾಯಿ ಉಣ್ಣೋವಾಗ ಎದುರಿಗೆ ಕೂತು ಗಂಜಿ ಕುಡಿಯೋದು ಅವರಿಂದ ಆಗುತ್ತಿರಲಿಲ್ಲ. ಅತ್ತಿಯವರದು ಇನ್ನೊಂದು ಸಂಕಟ. ಐವತ್ತು ವರ್ಷ ಇದೇ ಕೈ ಅಡುಗೆ ಉಂಡ ಗಂಡ ಈಗ ಅದನ್ನೇ ಮುಟ್ಟಬಾರದು ಅಂದರೆ, ತಪ್ಪೆಲ್ಲ ತನ್ನ ಖಾರದ್ದೇ ಅಂದಂಗ ಅವರಿಗೆ ಕೇಳುತ್ತಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಖಾರದ ಡಬ್ಬಿ ಎತ್ತಿ ಮಾಡಿನ ಮೇಲಿಟ್ಟಿದ್ದರು.

ಆಗ ಹುಡುಕಿದ್ದು ನನಗೆ ಒಂದೇ: ಖಾರ ಇಲ್ಲದೆಯೂ 'ಪಥ್ಯ' ಅನ್ನಿಸದ, ಎಲ್ಲರ ತಾಟಿಗೂ ಬೀಳುವ ಪಲ್ಯ. ಖಾರವೇ ಗೊತ್ತಿಲ್ಲದೆ ರುಚಿಯಾಗಿ ಉಣ್ಣುವ ಜನರೂ ಜಗತ್ತಿನಲ್ಲಿದ್ದಾರಲ್ಲ, ಅವರ ಅಡುಗೆಯಲ್ಲಿ ಹುಡುಕಿದರೆ ಸಿಗಬೇಕು. ಸಿಕ್ಕಿದ್ದು ಇದು.

ಸಾಮಾನಿನ ಮಾತು. ಐದು ಮಂದಿಗೆ ಬದನೆಕಾಯಿ ಸುಮಾರು 400 ಗ್ರಾಂ ಬೇಕು. ಎಣ್ಣೆಗಾಯಿಗೆ ಹಿಡಿಯುವ ಸಣ್ಣ ಮುಳ್ಳುಗಾಯಿ ಬೇಡ, ಬಜ್ಜಿಗೆ ಸುಡುವ ದೊಡ್ಡ ಕಾಯಿ ಒಳ್ಳೆಯದು, ಬೀಜ ಬಲಿತಿರಬಾರದು. ಫ್ರೆಂಚರ ಕುಂಬಳಕ್ಕೆ ಬದಲಿ ಎಳೆ ಹೀರೇಕಾಯಿ 300 ಗ್ರಾಂ. ದೊಡ್ಡ ಊರಿನ ಅಂಗಡಿಯಲ್ಲಿ ಜುಕಿನಿ ಅಂತ ಪ್ಲಾಸ್ಟಿಕ್ ಸುತ್ತಿ ಮಾರುತ್ತಾರೆ. ಆ ರೊಕ್ಕ ಕೊಡೋ ಅವಶ್ಯಕತೆ ಇಲ್ಲ, ರುಚಿಯಲ್ಲೂ ನಮ್ಮ ಹೀರೇಕಾಯಿಯೇ ಮೇಲು ಅಂತ ನನ್ನ ಅಭಿಪ್ರಾಯ. ಒಂದು ಎಚ್ಚರ: ಹೀರೇಕಾಯಿಯ ತುದಿ ಕತ್ತರಿಸಿ ನಾಲಿಗೆಗೆ ತಾಗಿಸಿ ನೋಡ್ರಿ. ಕಹಿ ಇದ್ದರೆ ಇಡೀ ಕಾಯಿ ಎಸೆದುಬಿಡ್ರಿ. ಆ ಕಹಿ ಬೇಯಿಸಿದರೂ ಹೋಗೋದಿಲ್ಲ, ಹೊಟ್ಟೆ ಕೆಡಿಸುತ್ತದೆ. ಡೊಣ್ಣ ಮೆಣಸಿನಕಾಯಿ ಎರಡು. ಹೆಸರಿನಲ್ಲಿ ಮೆಣಸಿನಕಾಯಿ ಇದ್ದರೂ ಉರಿ ಕೊಡುವ ಕ್ಯಾಪ್ಸೈಸಿನ್ ಅದರಲ್ಲಿ ಇರೋದಿಲ್ಲ, ಹೆದರಬೇಕಿಲ್ಲ. ಹಣ್ಣಾದ ಟಮಾಟಿ ಅರ್ಧ ಕೆ.ಜಿ., ಉಳ್ಳಾಗಡ್ಡಿ ಎರಡು, ಬಳ್ಳೊಳ್ಳಿ ಆರೆಂಟು ಎಸಳು.

ಹೊಟ್ಟೆಯುರಿ ಇದ್ದವರಿಗೆ ಟಮಾಟಿಯ ಹುಳಿ ಆಗೋದಿಲ್ಲ. ಅಂಥವರಿಗೆ ಟಮಾಟಿ ಅರ್ಧಕ್ಕಿಂತ ಕಡಿಮೆ ಮಾಡಿ ಆ ಜಾಗಕ್ಕೆ ಸಿಹಿಗುಂಬಳ ಹಾಕಬೇಕು. ನಾವು ಹಾಗೇ ಮಾಡಿದೆವು, ಅದೂ ಡಾಕ್ಟರರನ್ನು ಕೇಳಿದ ಮೇಲೆ. ನೀವೂ ಕೇಳಿಯೇ ಮಾಡ್ರಿ.

ಎಣ್ಣೆಗೆ ಬಂದರೆ ನನ್ನದೊಂದು ಹಟ ಇದೆ. ಆಲಿವ್ ಎಣ್ಣೆ ಒಂದು ಲೀಟರಿಗೆ ಕೊಡೋ ರೊಕ್ಕದಲ್ಲಿ ಗಾಣದ ಕುಸುಬಿ ಎಣ್ಣೆ ಎರಡು ಲೀಟರಾದರೂ ಬರುತ್ತದೆ. ಕುಸುಬಿ ನಮ್ಮ ಎರಿ ಹೊಲದ ಬೆಳೆ. ಜೋಳದ ಹೊಲದ ಅಂಚಿಗೆ ಅಕ್ಕಡಿಯಾಗಿ ಬಿತ್ತುತ್ತಿದ್ದರು. ಮುಳ್ಳಿಗೆ ಹೆದರಿ ದನ ಒಳಗೆ ಬರುತ್ತಿರಲಿಲ್ಲ. ಕೃಷ್ಣೆಯ ನೀರು ಮುಳವಾಡ, ತುಬಚಿ ಬಬಲೇಶ್ವರ ಏತ ನೀರಾವರಿಗಳಿಂದ ಕೆರೆಗೆ ಬಂದ ಮೇಲೆ ಹೊಲದ ಚೆಹರೆಯೇ ಬದಲಾಗಿದೆ. ಒಳ್ಳೆಯದೇ. ನಮ್ಮ ಅವ್ವ ಸಣ್ಣಾಕಿ ಇದ್ದಾಗ ಬೇಸಿಗೆಯಲ್ಲಿ ಬಬಲೇಶ್ವರದ ಕಡೆ ಹಸಿ ಕಾಯಿಪಲ್ಯ ಅಂದರೆ ಹಬ್ಬ, ಉಳಿದ ದಿನ ಬ್ಯಾಳಿ, ಹಿಂಡಿ, ಒಣಗಿಸಿಟ್ಟ ಸಂಡಿಗೆ. ಈಗ ಅಣ್ಣನ ಹೊಲದಲ್ಲಿ ಏಪ್ರಿಲ್‌ನಲ್ಲೂ ಬದನೆಕಾಯಿ ಸಿಗುತ್ತದೆ. ಆದರೆ ಕುಸುಬಿ ಹೊಲ ಕಡಿಮೆಯಾದವು, ಗಾಣಗಳೂ ಕಡಿಮೆಯಾದವು. ಕುಸುಬಿ ಸಿಗದಿದ್ದರೆ ಶೇಂಗಾ ಎಣ್ಣೆಯೂ ನಡೆಯುತ್ತದೆ. ಐದು ಮಂದಿಗೆ ಆರು ದೊಡ್ಡ ಚಮಚ, ಅದಕ್ಕಿಂತ ಹೆಚ್ಚು ಬೇಡ.

ಪ್ರೊವಾನ್ಸಿನವರು ಇದಕ್ಕೆ ಥೈಮ್ ಅನ್ನೋ ಸಣ್ಣೆಲೆಯ ಗಿಡ, ತುಳಸಿ ಜಾತಿಯ ಬೇಸಿಲ್ ಹಾಕುತ್ತಾರೆ. ಥೈಮಿನ ವಾಸನೆ ಬರೋದು ಥೈಮಾಲ್ ಅನ್ನೋ ಅಂಶದಿಂದ. ಅದು ನಮ್ಮ ಅಜವಾನದಲ್ಲೂ ಇದೆ. ಹಾಗಾಗಿ ಎರಡು ಚಿಟಿಕೆ ಅಜವಾನ ಅಂಗೈಯಲ್ಲಿ ತಿಕ್ಕಿ ಹಾಕಿದರೆ ಸಾಕು. ಬೇಸಿಲ್ ಅಂದರೆ ಕಾಮಕಸ್ತೂರಿ. ಬೇಸಿಗೆಯಲ್ಲಿ ಶರಬತ್ತಿಗೆ ನೆನೆಹಾಕುವ ಸಬ್ಜಾ ಬೀಜ ಇದೆಯಲ್ಲ, ಅದೇ ಗಿಡದ್ದು. ಒಂದು ಚಮಚ ಬೀಜ ಕುಂಡದಲ್ಲಿ ಉದುರಿಸಿದರೆ ತಿಂಗಳೊಪ್ಪತ್ತಿನಲ್ಲಿ ಎಲೆ ಸಿಗುತ್ತದೆ. ಪೂಜೆಯ ತುಳಸಿ ಹಾಕಬೇಡಿ, ಅದರ ಘಾಟು ಈ ಪಲ್ಯಕ್ಕೆ ಹೊಂದೋದಿಲ್ಲ.

ಇನ್ನು ಮಾಡೋ ಬಗೆ. ಇದರ ಗುಟ್ಟು ಇಷ್ಟೇ: ಒಂದೊಂದು ಕಾಯಿಯನ್ನೂ ಬೇರೆ ಬೇರೆ ಹುರಿದು ಕಡೆಗೆ ಕೂಡಿಸಬೇಕು. ಎಲ್ಲವನ್ನೂ ಒಮ್ಮೆಲೇ ಕುಕ್ಕರಿಗೆ ಹಾಕಿ ಸೀಟಿ ಹೊಡೆಸಿದರೆ ಆಗೋದು ಪಾವ್‌ಭಾಜಿಯ ತಮ್ಮ. ಬದನೆಕಾಯಿಯನ್ನು ಹೆಬ್ಬೆರಳಿನ ತುದಿಯಷ್ಟು ಹೋಳು ಮಾಡಿ, ಅರ್ಧ ಚಮಚ ಉಪ್ಪು ಕಲಸಿ ಇಪ್ಪತ್ತು ನಿಮಿಷ ಇಡ್ರಿ. ಬದನೆಕಾಯಿ ಅಂದರೆ ಸ್ಪಂಜು ಇದ್ದಂಗ, ಒಳಗೆಲ್ಲ ಗಾಳಿ. ಹಾಗೇ ಹುರಿದರೆ ಎಷ್ಟು ಎಣ್ಣೆ ಹಾಕಿದರೂ ಕುಡಿಯುತ್ತದೆ. ಉಪ್ಪು ನೀರೆಳೆದು ಅದರ ಸೊಕ್ಕು ಇಳಿಸುತ್ತದೆ. ಹಿಂಡಿ, ಬಟ್ಟೆಯಲ್ಲಿ ಒರೆಸಿ, ಎರಡು ಚಮಚ ಎಣ್ಣೆಯಲ್ಲಿ ಹತ್ತು ನಿಮಿಷ ಹುರಿದು ತೆಗೆದಿಡ್ರಿ. ಈ ಉಪ್ಪು ಲೆಕ್ಕದಲ್ಲಿರಲಿ, ಆಮೇಲೆ ಕಡಿಮೆ ಹಾಕಬೇಕು. ಬಿ.ಪಿ. ಇದ್ದವರಿದ್ದರೆ ಹೋಳನ್ನು ಒಮ್ಮೆ ತೊಳೆದು ಹಿಂಡ್ರಿ.

ಹೀರೇಕಾಯಿಯ ಏಣು ಹೆರೆದು, ದಪ್ಪ ಬಿಲ್ಲೆ ಮಾಡಿ, ಜೋರು ಉರಿಯಲ್ಲಿ ಒಂದು ಚಮಚ ಎಣ್ಣೆ ಹಾಕಿ ನಾಲ್ಕೈದು ನಿಮಿಷ. ಸಣ್ಣ ಉರಿಯಲ್ಲಿಟ್ಟರೆ ನೀರು ಬಿಟ್ಟು ಸಾರಾಗುತ್ತದೆ. ಹೆರೆದ ಸಿಪ್ಪೆ ಎಸೆಯೋರು ನಮ್ಮ ಕಡೆ ಯಾರೂ ಇಲ್ಲ, ಚಟ್ನಿ ಹೇಗೂ ಆಗುತ್ತದೆ. ಡೊಣ್ಣ ಮೆಣಸಿನಕಾಯಿಯನ್ನು ಹಲ್ಲಿದ್ದವರಿಗೆ ಹಾಗೇ ಕತ್ತರಿಸಿ ಒಂದು ಚಮಚ ಎಣ್ಣೆಯಲ್ಲಿ ಹುರಿದರೆ ನಡೆಯುತ್ತದೆ. ವಯಸ್ಸಾದವರಿಗೆ ಅದರ ಸಿಪ್ಪೆ ಒಸಡಿಗೆ ಸಿಕ್ಕಿಕೊಳ್ಳುತ್ತದೆ. ಬಜ್ಜಿಯ ಬದನೆಕಾಯಿ ಸುಟ್ಟಂತೆ ಒಲೆಯ ಮೇಲೆ ಕಪ್ಪಾಗುವಷ್ಟು ಸುಟ್ಟು, ಬೋಗುಣಿ ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ತಾನೇ ಬಿಚ್ಚಿಕೊಳ್ಳುತ್ತದೆ. ಆ ಸುಟ್ಟ ವಾಸನೆಯೇ ಅರ್ಧ ಪಲ್ಯ.

ಆಮೇಲೆ ದಪ್ಪ ತಳದ ಸ್ಟೀಲ್ ಬೋಗುಣಿಯಲ್ಲಿ ಉಳಿದ ಎಣ್ಣೆ, ಉದ್ದಕ್ಕೆ ಹೆಚ್ಚಿದ ಉಳ್ಳಾಗಡ್ಡಿ. ಕಬ್ಬಿಣದ ಕಡಾಯಿ ಬೇಡ, ಟಮಾಟಿಯ ಹುಳಿಗೆ ಕಪ್ಪಾಗುತ್ತದೆ. ಉರಿ ಸಣ್ಣ ಮಾಡಿ ಹದಿನೈದು ನಿಮಿಷ. ಇಲ್ಲಿ ಅವಸರ ಮಾಡಬಾರದು. ಉಳ್ಳಾಗಡ್ಡಿ ಪೂರ್ತಿ ಮೆತ್ತಗಾಗಿ ಸಿಹಿ ಬಿಡಬೇಕು. ಟಮಾಟಿ ಬಿದ್ದ ಮೇಲೆ ಅದು ಮತ್ತೆ ಮೆತ್ತಗಾಗೋದು ಕಷ್ಟ, ಹುಳಿಯ ಗುಣವೇ ಅದು, ಕಾಯಿಪಲ್ಯದ ಬಿಗಿ ಬಿಡಗೊಡೋದಿಲ್ಲ. ಹುಣಸೆಹುಳಿ ಮೊದಲೇ ಹಾಕಿದರೆ ಬ್ಯಾಳಿ ಬೇಯೋದಿಲ್ಲ ಅಂತ ನಮ್ಮ ಹಿರಿಯರು ಬೈಯುತ್ತಿದ್ದುದೂ ಇದಕ್ಕೇ. ಜಜ್ಜಿದ ಬಳ್ಳೊಳ್ಳಿ ಹಾಕಿ ಒಂದು ನಿಮಿಷ, ಅಜವಾನ, ಆಮೇಲೆ ಕುದಿನೀರಲ್ಲಿ ಅದ್ದಿ ಸಿಪ್ಪೆ ತೆಗೆದ ಟಮಾಟಿ. ಎಣ್ಣೆ ಅಂಚಿಗೆ ಬರುವ ತನಕ ಬೇಯಿಸಿ, ಹುರಿದದ್ದನ್ನೆಲ್ಲ ಸೇರಿಸಿ, ಒಂದು ತೊಟ್ಟೂ ನೀರು ಹಾಕದೆ ಮುಚ್ಚಿ ಹತ್ತು ನಿಮಿಷ, ತೆರೆದು ಹತ್ತು ನಿಮಿಷ. ಸೌಟಿನಿಂದ ಚಚ್ಚಬೇಡಿ. ಹೋಳು ಹೋಳಾಗಿಯೇ ಇರಬೇಕು, ಬಾಯಲ್ಲಿಟ್ಟರೆ ಕರಗಬೇಕು. ಒಲೆ ಆರಿಸಿ ಕಾಮಕಸ್ತೂರಿ ಎಲೆ ಹರಿದು ಹಾಕ್ರಿ. ಕಾಳುಮೆಣಸಿನ ಪುಡಿ ಬೇಕಾದವರು ತಾಟಿನಲ್ಲಿ ಹಾಕಿಕೊಳ್ಳಲಿ.

ಒಂದೂಕಾಲು ತಾಸು ಹಿಡಿಯುತ್ತದೆ, ಸುಳ್ಳು ಹೇಳೋದಿಲ್ಲ. ಮೇ ತಿಂಗಳ ಸೆಕೆಯಲ್ಲಿ ಒಲೆ ಮುಂದೆ ಅಷ್ಟು ಹೊತ್ತು ನಿಲ್ಲೋದು ಯಾರಿಗೂ ಬೇಡ. ಆದ್ದರಿಂದ ನಾನು ಮುಂಜಾನೆ ಆರಕ್ಕೇ ಮಾಡಿ ಮುಗಿಸುತ್ತೇನೆ. ಇದರ ದೊಡ್ಡ ಗುಣ ಅಂದರೆ ಬಿಸಿಯೇ ಉಣ್ಣಬೇಕು ಅಂತಿಲ್ಲ. ಫ್ರಾನ್ಸಿನಲ್ಲೂ ಬೇಸಿಗೆಯಲ್ಲಿ ಆರಿಸಿಯೇ ತಿನ್ನುತ್ತಾರೆ, ಮರುದಿನ ರುಚಿ ಇನ್ನೂ ಹೆಚ್ಚು.

ಮೊದಲ ಸಲ ತಿಕೋಟಾದಲ್ಲಿ ಮಾಡಿದಾಗ ಅತ್ತಿಯವರು ಬೋಗುಣಿಗೆ ಬಗ್ಗಿ ನೋಡಿ, "ಎಣ್ಣೆಗಾಯಿ ಅರ್ಧಕ್ಕ ಬಿಟ್ಟಂಗ ಐತಲ್ಲವ್ವಾ" ಅಂದರು. ಮಾವನವರ ಹೆಸರಿಗೆ ಬೇರೆ ಬಟ್ಟಲು ಇಡಲಿಲ್ಲ. ಎಲ್ಲರಿಗೂ ಅದೇ ಪಲ್ಯ, ಅದೇ ಬಿಸಿ ರೊಟ್ಟಿ. ಖಾರ ಬೇಕಾದವರ ಮಗ್ಗುಲಿಗೆ ರಂಜಕ. ಮಾವನವರು ರೊಟ್ಟಿಯ ಮೇಲಿನ ಪದರು ಬಿಚ್ಚಿ, ಪಲ್ಯದ ರಸದಲ್ಲಿ ಅದ್ದಿ, ನಿಧಾನಕ್ಕೆ ಉಂಡರು. ಮಾತಾಡಲಿಲ್ಲ. ಇನ್ನರ್ಧ ರೊಟ್ಟಿ ಕೇಳಿದರು. ಆಮೇಲೆ ಅತ್ತಿಯ ಕಡೆ ತಿರುಗಿ, "ನೀ ಮಾಡಿದ್ರ ಇನ್ನೂ ಚಲೋ ಆಕ್ಕಿತ್ತು ನೋಡು" ಅಂದರು. ನನಗೆ ಸಿಟ್ಟು ಬರಲಿಲ್ಲ. ಯಾರಿಗೆ ಹೇಳಬೇಕಾಗಿತ್ತೋ ಅವರಿಗೆ ಹೇಳಿದ್ದರು.

ಮುಂದಿನ ವಾರದಿಂದ ಅತ್ತಿಯವರೇ ಮಾಡಲಿಕ್ಕೆ ಹತ್ತಿದರು. ಹೆಸರು ಅವರ ಬಾಯಲ್ಲಿ 'ರಾಟಿ ಪಲ್ಯ' ಆಗಿದೆ. ಅಜವಾನದ ಜೊತೆ ಚೂರು ಜೀರಿಗೆ, ಇಳಿಸುವ ಮುಂಚೆ ಒಂದು ಚಮಚ ಹುರಿದ ಶೇಂಗಾ ಪುಡಿ, ಅವರ ಕಡೆಯಿಂದ. ಫ್ರೆಂಚರು ಒಪ್ಪಲಿಕ್ಕಿಲ್ಲ. ರಸ ಗಟ್ಟಿಯಾಗಿ ರೊಟ್ಟಿಗೆ ಹತ್ತುತ್ತದೆ, ಹಾಗಾಗಿ ನಾನೂ ಈಗ ಹಾಗೇ ಮಾಡುತ್ತೇನೆ. ಟಮಾಟಿ ರೇಟು ಬಿದ್ದು ಕ್ರೇಟ್‌ಗಟ್ಟಲೆ ಉಳಿಯುವ ದಿನಗಳಲ್ಲಿ ಬರೀ ಉಳ್ಳಾಗಡ್ಡಿ, ಟಮಾಟಿ, ಬಳ್ಳೊಳ್ಳಿಯ ಹಂತದವರೆಗೆ ಹೆಚ್ಚಿಗೆ ಮಾಡಿ ಫ್ರೀಜರಿನಲ್ಲಿಟ್ಟರೆ ಆಮೇಲಿನ ಕೆಲಸ ಅರ್ಧ ತಾಸಿನದು.

ಪೂರ್ತಿ ಪಲ್ಯವನ್ನು ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು. ನಮ್ಮ ಸೆಕೆಗೆ ಹೊರಗೆ ಬಿಡಬೇಡಿ, ಸಂಜೆಯೊಳಗೆ ಹುಳಿಯುತ್ತದೆ. ಉಳಿದದ್ದಕ್ಕೆ ಮೊಸರು ಬೆರೆಸಿದರೆ ಪಚಡಿ. ಇಲ್ಲವೇ ಕಡಕ್ ರೊಟ್ಟಿ ಮುರಿದು ಅದರ ಮೇಲೆ ತಣ್ಣಗಿನ ಪಲ್ಯ ಸುರಿದು ಅರ್ಧ ತಾಸು ಮುಚ್ಚಿಡ್ರಿ, ಹಲ್ಲಿಲ್ಲದವರೂ ಉಣ್ಣುವಷ್ಟು ಮೆತ್ತಗಾಗುತ್ತದೆ. ಮೇಲೆ ಒಂದೆರಡು ಹನಿ ನಿಂಬೆಹುಳಿ, ಹೊಟ್ಟೆಯುರಿ ಇಲ್ಲದವರಿಗೆ ಮಾತ್ರ.